ಶಿಲ್ಕು

ಕಪನೂರಿನ ದಾಲ್ ಮಿಲ್ಲು ದೀಪಾವಳಿ ಪೂಜಿ ಆದಮ್ಯಾಲ
ಮತ್ತ ಶಟರ್ ಎತ್ತಲಿಲ್ಲ.
ಹನ್ನೊಂದು ವರ್ಷ ಅಲ್ಲಿ ಲೆಕ್ಕ ಬರದೀನಿ.
ತೊಗರಿ ಧೂಳು ಕಣ್ಣರೆಪ್ಪಿ ಮ್ಯಾಲ ಕುಂತು
ಸಂಜಿಗಿ ನಾನೂ ಹಳದಿ ಆಗಿರ್ತಿದ್ದೆ.

ಈಗ ನಂದೇ ಒಂದು ವಹಿ ಅದ.
ಎಡಕ್ಕ ತಾರೀಖು, ನಡುವ ಹೋದ ಜಾಗ, ಬಲಕ್ಕ ಖರ್ಚು.
ಆಟೋ ಇಪ್ಪತ್ತು. ಝರಾಕ್ಸ್ ಆರು.
ಒಂದು ಪ್ಲೇಟ್ ಸುಸಲಾ:
ಇದನ್ನ ಬರೀಬೇಕೋ ಬ್ಯಾಡೋ ಅಂತ
ಒಂದು ತಾಸು ವಿಚಾರ ಮಾಡಿ, ಬರದೀನಿ.

ಜಮಾ ಬಾಜೂಕ ಏನ್ ಬರೀಲಿ?
"ನೋಡ್ತೀವ್ರಿ." ಗಂಜಿನ ಅಡತಿ ಅಂಗಡಿ.
"ವಯಸ್ಸೆಷ್ಟು ಅಂದ್ರಿ?" ಸೇಡಂ ರಸ್ತೆ ಶೋರೂಮು.
"ಗಂಡಸರಾದ್ರ ಭೇಷಿತ್ತು, ರಾತ್ರಿ ಲೋಡ್ ಬರ್ತಾವ."
"ಟ್ಯಾಲಿ ಬರ್ತದೇನ್ರಿ?" ಬರ್ತದ ಅಂದೆ.
"ಹೊಸಾದು?" ಸುಮ್ಮನಾದೆ.
ಒಬ್ಬ ಹುಡುಗ, ನನ್ನ ತಮ್ಮನಕಿಂತ ಸಣ್ಣಾವ,
ಮಾತಾಡ್ತಾ ಮಾತಾಡ್ತಾ ನನ್ನ ಅರ್ಜಿ ಮ್ಯಾಲ ಚಾದ ಕಪ್ಪು ಇಟ್ಟ.
ಅದರ ಗುಂಡು ಕಲೆ ಇನ್ನೂ ಅದ,
ಝರಾಕ್ಸಿನಾಗೂ ಬರ್ತದ,
ನನ್ನ ಹೆಸರಿನ ಸುತ್ತ ಚಂದ್ರ ಗುಡಿ ಕಟ್ಟಿದಂಗ.

ಅವತ್ತು ಮನಿಗಿ ಬಂದು ಫೈಲು ಹಾಸಿಗಿ ಕೆಳಗ ತಳ್ಳಿದೆ.
ಮೂರು ದಿನ ತಲಿ ಹಿಕ್ಕೊಳ್ಳಲಿಲ್ಲ.
ಮೊಬೈಲಿಗಿ ದಿನಾ ಒಂದು ಸೂರ್ಯೋದಯ ಬರ್ತಿತ್ತು,
'ಸೋಲೇ ಗೆಲುವಿನ ಮೆಟ್ಟಿಲು' ಅಂತ ಕೆಳಗ ಬರದದ್ದು.
ಕಳಸಾವ ನಮ್ಮ ಭಾವ. ಸರಕಾರಿ ನೌಕರ.
ಒಂದನೇ ತಾರೀಖಿಗಿ ಪಗಾರ.

ಬಾಜೂ ಮನಿ ಗುಂಡಮ್ಮಾಯಿ ಬಂದು ಕುಂತು ಅಂದಳು:
"ತೊಗರಿ ಒಂದೇ ಸಲಕ್ಕ ಬ್ಯಾಳಿ ಆಗ್ತದೇನವ್ವ?
ಎಣ್ಣಿ ಹಚ್ಚಬೇಕು, ಬಿಸಲಿಗಿ ಹರವಬೇಕು,
ಒಡೀಲಾರದ ಗೋಟಾ ಮತ್ತ ಗಿರಣಿಗಿ ಹಾಕಬೇಕು."
ಆಯಿ, ಹನ್ನೊಂದು ವರ್ಷ ಅದನ್ನೇ ನೋಡೀನಿ ಅಂದೆ,
ಗಿರಣಿಗಿ ಬಿದ್ದ ತೊಗರೀನ ಯಾರೂ ಕೇಳಿಲ್ಲ
ಜೀವಕ್ಕ ಹ್ಯಾಂಗದ ಅಂತ.
ಆಕಿ ನಕ್ಕಳು. ನನಗೂ ನಗು ಬಂತು.
ಮೂರು ದಿನದಾಗ ಮೊದಲನೇದು.

ಖರೇ ಹೇಳ್ಬೇಕಂದ್ರ ನನ್ನ ಎಬ್ಬಿಸಿದ್ದು ಆ ಮಾತಲ್ಲ,
ಭೀಮಶಾ ಮುನೀಮರು ಮೊದಲ ದಿನ ಕಲಿಸಿದ್ದು:
"ವ್ಯಾಪಾರ ಆಗಲಾರದ ದಿನಾನೂ ಹಾಳಿ ಖಾಲಿ ಬಿಡಬ್ಯಾಡ.
ಇವತ್ತು ವ್ಯವಹಾರ ಇಲ್ಲ ಅಂತ ಬರಿ.
ನಿನ್ನಿನ ಶಿಲ್ಕು ಇವತ್ತಿಗಿ ತಗೋ,
ಸೊನ್ನಿ ಇದ್ರ ಸೊನ್ನೀನೇ ತಗೋ.
ಖಾಲಿ ಹಾಳಿ ಸಿಕ್ಕಾವ
ಅದರಾಗ ಏನ್ ಬೇಕಾದ್ರೂ ಬರಕೋತಾನ."

ನಾಕನೇ ದಿನ ವಹಿ ತೆಗದು
ಬಿಟ್ಟ ಮೂರು ಹಾಳಿ ತುಂಬಿದೆ.
ಇವತ್ತು ವ್ಯವಹಾರ ಇಲ್ಲ.
ಇವತ್ತು ವ್ಯವಹಾರ ಇಲ್ಲ.
ಇವತ್ತು ಗುಂಡಮ್ಮಾಯಿ ಬಂದಿದ್ದಳು.

ದಿನಾ ಒಂಬತ್ತು ಇಪ್ಪತ್ತಕ್ಕ ಕೀಲಿ ಹಾಕ್ತೀನಿ,
ಮಿಲ್ಲಿಗಿ ಹೋಗುವಾಗ ಹಾಕ್ತಿದ್ದಂಗ.
ಏಪ್ರಿಲ್ ಬಿಸಲು.
ಸೂಪರ್ ಮಾರ್ಕೆಟಿನ ಡಾಂಬರು ಚಪ್ಪಲಿ ಹಿಡದು ಕೇಳ್ತದ,
ಎಲ್ಲಿಗಿ?
ಝರಾಕ್ಸ್ ಅಂಗಡಿ ಖಾಜಾಮಿಯಾ
ನನ್ನ ನೋಡಿದ ಕೂಡಲೇ ಮಷೀನ್ ಚಾಲೂ ಮಾಡ್ತಾನ.
"ಎರಡೋ ಮೂರೋ, ಮೇಡಂ?"
ಒಮ್ಮೆ ಅಂದ: "ಆ ಚಾದ ಕಲೆ ಬಿಳಿ ಹಚ್ಚಿ ತೆಗೀಲೇನ್ರಿ?"
ಇರ್ಲಿ ಬಿಡ್ರಿ ಅಂದೆ.
ಯಾರಾದ್ರೂ ಕೇಳಬಹುದು ಇದೇನಂತ,
ಮಾತು ಸುರು ಆಗ್ತದ.

ನಿನ್ನಿ ರಾತ್ರಿ ಮಗ ಸಾಲಿ ಫಾರ್ಮ್ ಹಿಡಕೊಂಡು ಕುಂತಿದ್ದ.
'ತಾಯಿಯ ಉದ್ಯೋಗ', ಮುಂದ ಒಂದು ಗೀಟು.
ಪೆನ್ನು ತೆಗದಾವ ನನ್ನ ಮಾರಿ ನೋಡಿ
ಪೆನ್ನು ಇಟ್ಟು ಪೆನ್ಸಿಲ್ ತಗೊಂಡ.
'ಲೆಕ್ಕ ಬರೀತಾಳ' ಅಂತ ಬರದ.
ಸುಳ್ಳೇನಲ್ಲ.

ಅವ ಮಲಗಿದ ಮ್ಯಾಲ ವಹಿ ತೆಗದೆ.
ನಾಳಿ: ಹುಮನಾಬಾದ್ ರಸ್ತೆ, ಬೀಜದ ಗೋದಾಮು, ಹತ್ತು ಗಂಟಿಗಿ.
ಆರಂಭಿಕ ಶಿಲ್ಕು: ಮುನ್ನೂರಾ ನಲವತ್ತು ರೂಪಾಯಿ,
ಕಲೆ ಇದ್ದ ಅರ್ಜಿ ಐದು.
ಆಟೋ ಬ್ಯಾಡ, ನಡೀತೀನಿ.
ಆ ಇಪ್ಪತ್ತಕ್ಕ ಸುಸಲಾ.